ಮದಾಮ್ಮನ ಒಪ್ಪತ್ತು, ನನ್ನ ಫ್ರೆಂಚು

ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡಬೇಕೆಂದು ಹೆಂಡತಿ ಮೂರು ವಾರದಿಂದ ಹೇಳುತ್ತಿದ್ದಳು. ಕಳೆದ ಭಾನುವಾರ ತಪ್ಪಿಸಿಕೊಳ್ಳಲು ನೆಪ ಯಾವುದೂ ಹೊಳೆಯದೆ ಮಿಷನ್ನನ್ನು ಪಕ್ಕಕ್ಕೆ ಎಳೆದೆ. ಎಳೆದದ್ದೇ ತಡ, ಅದು ಒಂದು ಕಡೆಗೆ ವಾಲಿತು. ಅದರ ಕುಂಟು ಕಾಲಿನ ಕೆಳಗೆ ಇಷ್ಟು ವರ್ಷ ಒತ್ತಾಗಿ ಕೂತಿದ್ದದ್ದು ಒಂದು ಪುಸ್ತಕ. ರಟ್ಟಿಲ್ಲ, ಮೊದಲ ನಾಲ್ಕು ಹಾಳೆ ಇಲ್ಲ, ನಟ್ಟನಡುವೆ ಮಿಷನ್ನಿನ ಕಾಲು ಕೊರೆದ ದುಂಡನೆಯ ಗುಳಿ. ಆದರೂ ನೋಡಿದ ಕೂಡಲೇ ಗುರುತು ಸಿಕ್ಕಿತು. ತಿಂಗಳೊಳಗೆ ಫ್ರೆಂಚ್ ಕಲಿಸುತ್ತೇನೆಂದು ನನಗೆ ಮಾತು ಕೊಟ್ಟಿದ್ದ ಪುಸ್ತಕ ಅದು.

“ತೂಕಕ್ಕೆ ಹಾಕ್ಲಾ?” ಎಂದಳು ಹೆಂಡತಿ.

“ಬೇಡ ಬೇಡ, ಇದ್ದಲ್ಲೇ ಇರ್ಲಿ,” ಎಂದು ಅದನ್ನು ಮತ್ತೆ ಕಾಲಿನ ಕೆಳಗೇ ತುರುಕಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಪುಸ್ತಕದ ಕಥೆಯನ್ನು ನಾನು ಅವಳಿಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ. ದಮ್ಮಯ್ಯ, ನೀವು ಹೋಗಿ ಅವಳಿಗೆ ಹೇಳಬೇಡಿ.

ತೊಂಬತ್ತರ ದಶಕದ ನಡುಭಾಗ ಅದು. ನಾನು ಬಿ.ಕಾಂ. ಮುಗಿಸಿ ಹಳೇಬೀಡಿನ ನಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದ ಕಾಲ. ಅಪ್ಪನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿ ಇತ್ತು. ಅಂಗಡಿಯಲ್ಲಿ ಕೂರೋ ಎಂದರೆ ನನಗೆ ಆಕಳಿಕೆ ಬರುತ್ತಿತ್ತು, ಸಂದರ್ಶನಕ್ಕೆ ಹೋಗೋ ಎಂದರೆ ಹೊಟ್ಟೆನೋವು ಬರುತ್ತಿತ್ತು. ಒಮ್ಮೆ ಹೊಟ್ಟೆನೋವನ್ನು ಅದುಮಿಕೊಂಡು ಹುಬ್ಬಳ್ಳಿಗೆ ಹೊರಟವನು ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದೆ. ರೈಲು ತಡ. ಪ್ಲಾಟ್‌ಫಾರಂ ಮೇಲೆ ಪುಸ್ತಕದ ತಳ್ಳುಗಾಡಿ. ಕೆಲಸ ಸಿಗುವುದು ಹೇಗೂ ಖಾತ್ರಿಯಿಲ್ಲ, ಫ್ರೆಂಚಾದರೂ ಬರಲಿ ಎಂದು ಈ ಪುಸ್ತಕ ಕೊಂಡುಬಿಟ್ಟೆ. ಆ ಕ್ಷಣದಲ್ಲಿ ಅದು ಬಹಳ ತಿಳಿವಳಿಕೆಯ ಕೆಲಸ ಅನ್ನಿಸಿತ್ತು.

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದವರು ಒಬ್ಬ ಮುದುಕರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ಹುಟ್ಟೂರು ಪಾಂಡಿಚೇರಿ, ನೆಲೆ ನಿಂತದ್ದು ಅರಸೀಕೆರೆಯಲ್ಲಿ. ತಾನಿಲ್ಲದೆಯೂ ರೈಲುಗಳು ಸರಿಯಾಗಿ ಓಡಾಡುತ್ತಿವೆಯೇ ಎಂದು ದಿನಾ ಸ್ಟೇಷನ್ನಿಗೆ ಬಂದು ನೋಡಿಕೊಂಡು ಹೋಗುವುದು ಅವರ ಅಭ್ಯಾಸ. ಅವರು ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು ನಾಲ್ಕು ಪುಟ ತಿರುವಿ, ಹೊಟ್ಟೆ ಕುಲುಕಿಸಿಕೊಂಡು ನಕ್ಕರು.

“ತಮ್ಮಾ, ಇದನ್ನ ನಂಬ್ಕೊಂಡು ಪ್ಯಾರಿಸ್ಸಿಗೆ ಹೋದ್ರೆ ಒಂದು ಕೋಟು ಹೊಲಿಸ್ಕೊಂಡು ವಾಪಸ್ ಬರ್ತೀಯ, ಅಷ್ಟೇ. ಮಾತು ನಿಜವಾಗ್ಲೂ ಬೇಕಾದಾಗ ನನ್ನ ಹತ್ರ ಬಾ. ಆ ನೀರಿನ ಟ್ಯಾಂಕಿನ ಹಿಂದೆ ಮನೆ.”

ನನಗೆ ಸಿಟ್ಟು ಬಂತು. ಇವರೇನು ಮಹಾ, ಎಂದುಕೊಂಡೆ. ಹುಬ್ಬಳ್ಳಿಯ ಕೆಲಸವೂ ಸಿಗಲಿಲ್ಲವೆಂದು ಬೇರೆ ಹೇಳಬೇಕಿಲ್ಲವಷ್ಟೆ.

ಊರಿಗೆ ಬಂದವನೇ ಫ್ರೆಂಚ್ ಶುರುಮಾಡಿದೆ. ಹೇಗೆ ಅಂತೀರಿ? ನನಗೆ ಗೊತ್ತಿದ್ದ ವಿಧಾನ ಒಂದೇ. ನಮ್ಮ ಪ್ರೈಮರಿ ಸ್ಕೂಲಿನಲ್ಲಿ ಏನನ್ನೇ ಕಲಿಸಿದರೂ ಮಗ್ಗಿಯ ರಾಗದಲ್ಲೇ ಕಲಿಸುತ್ತಿದ್ದರು. ನದಿಗಳ ಹೆಸರು, ತೀರ್ಥಂಕರರ ಹೆಸರು, ಸೊಪ್ಪಿನಲ್ಲಿರುವ ಸತ್ವಗಳು, ಎಲ್ಲಕ್ಕೂ ಅದೇ ರಾಗ, ಅದೇ ತೂಗಾಟ. ಇದರಲ್ಲಿ ಒಂದೇ ತೊಂದರೆ. ಎಂಟೇಳು ಎಷ್ಟು ಎಂದು ಯಾರಾದರೂ ಥಟ್ಟನೆ ಕೇಳಿದರೆ ಇವತ್ತಿಗೂ ನಾನು ಎಂಟೊಂದ್ಲ ಎಂಟರಿಂದ ಹೊರಟು ನಡೆದುಕೊಂಡೇ ಬರಬೇಕು. ಮಧ್ಯದಲ್ಲಿ ಯಾರಾದರೂ ಕೆಮ್ಮಿದರೆ ಮತ್ತೆ ಎಂಟೊಂದ್ಲ ಎಂಟು. ಫ್ರೆಂಚನ್ನೂ ಹಾಗೆಯೇ ಉರು ಹೊಡೆದೆ. ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಕೂತು, ಮುಂದಕ್ಕೂ ಹಿಂದಕ್ಕೂ ತೂಗುತ್ತಾ, ‘ನನ್ನ ಚಿಕ್ಕಪ್ಪನ ಕೋಟು ದರ್ಜಿಯ ಬಳಿ ಇದೆ, ಲಿಯೋನಿಗೆ ಹೋಗುವ ರೈಲು ಯಾವ ಪ್ಲಾಟ್‌ಫಾರಂನಿಂದ ಹೊರಡುತ್ತದೆ, ನನ್ನ ಪೆಟ್ಟಿಗೆಗಳು ಐದು’ ಎಂಬರ್ಥದ ಫ್ರೆಂಚ್ ವಾಕ್ಯಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದೆ.

ಅದನ್ನು ಕೇಳಿದ ಪದ್ದತ್ತೆ ನಾನು ಯಾವುದೋ ಸ್ತೋತ್ರ ಹಿಡಿದಿದ್ದೇನೆ ಎಂದುಕೊಂಡು ನನ್ನ ರೊಟ್ಟಿಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕತೊಡಗಿದರು. ನಾನು ತಿದ್ದಲು ಹೋಗಲಿಲ್ಲ. ತುಪ್ಪ ಚೆನ್ನಾಗಿತ್ತು.

ಪದ್ದತ್ತೆ ಎಂದರೆ ಪದ್ಮಾವತಿ, ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು, ಆಮೇಲೆ ನನ್ನನ್ನು ಎತ್ತಿ ಆಡಿಸಿ ಬೈದು ಬೆಳೆಸಿದವರು ಅವರೇ. ಬಸದಿಯ ಬಗಲಲ್ಲೇ ನಮ್ಮ ಮನೆ, ನೇಮನಿಷ್ಠೆ ಎಲ್ಲ ಅತ್ತೆಯ ಕೈಯಲ್ಲಿ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಗೆಣಸು ಹೊಸಿಲು ದಾಟುವಂತಿಲ್ಲ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಮುಳುಗಿದ ಮೇಲೆ ಒಲೆ ಹಚ್ಚುವಂತಿಲ್ಲ, ಅಡಿಗೆಮನೆ ಗುಡಿಸಿ, ಬಾಗಿಲೆಳೆದು, ಚಿಲಕ ಹಾಕಿದರೆ ಮುಗಿಯಿತು. ಚಿಲಕ ಬಿದ್ದ ಸದ್ದು ಕೇಳಿದ ಮೇಲೆ ಹಸಿವಾಯಿತೆನ್ನುವವನು ನಮ್ಮ ಮನೆಯಲ್ಲಿ ಗಂಡಸೇ ಅಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. ಹಾಸನದ ಡಾಕ್ಟರು ಕೊಟ್ಟ ಮಾತ್ರೆಯನ್ನು ಬೆಳಿಗ್ಗೆ ತಿಂಡಿಗೆ ಮುಂಚೆ ನುಂಗುತ್ತಿದ್ದರು, ಡಾಕ್ಟರಿಗೆ ಉಪಕಾರ ಮಾಡುವವರ ಹಾಗೆ.

ನಾನು ಏಳನೇ ಪಾಠದವರೆಗೆ ಹೋಗಿ ನಿಂತೆ. ಊಟ ತಿಂಡಿಗೆ ಸಂಬಂಧಪಟ್ಟ ಪಾಠ ಹನ್ನೊಂದನೆಯದು. ಇದನ್ನು ನೀವು ನೆನಪಿಟ್ಟುಕೊಳ್ಳಿ, ಆಮೇಲೆ ನನ್ನನ್ನು ಬೈಯಲು ಬೇಕಾಗುತ್ತದೆ.

ಅಷ್ಟರಲ್ಲಿ ಅಪ್ಪ ಅಂಗಡಿಗೆ ಬಂದವರ ಮುಂದೆಲ್ಲ “ನಮ್ಮ ಅಜಿತನಿಗೆ ಫ್ರೆಂಚ್ ನೀರು ಕುಡಿದ ಹಂಗೆ” ಎಂದು ಹೇಳಿಯಾಗಿತ್ತು. ಮಗನ ಬಗ್ಗೆ ಹೇಳಿಕೊಳ್ಳಲು ಅವರಿಗೂ ಏನಾದರೊಂದು ಬೇಕಿತ್ತು, ಪಾಪ. ಆ ಮಾತು ಹೇಗೋ ಮೈಸೂರಿನಲ್ಲಿದ್ದ ಅವರ ಸ್ನೇಹಿತರವರೆಗೂ ಹೋಯಿತು. ಅವರಿಂದ ಕಾಗದ ಬಂತು. ಫ್ರಾನ್ಸಿನಿಂದ ಒಬ್ಬ ಹೆಂಗಸು ಬಂದಿದ್ದಾರೆ, ಡ್ರಾಯಿಂಗ್ ಟೀಚರಾಗಿದ್ದವರು, ಬಸದಿಯ ಕಂಬಗಳ ಚಿತ್ರ ಬರೆಯುತ್ತಾರೆ, ಮೂರು ವಾರ ನಿಮ್ಮಲ್ಲಿ ಇಟ್ಟುಕೊಳ್ಳಿ, ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ನಿಮ್ಮ ಮಗ ಇರುವಾಗ ಚಿಂತೆ ಏನು?

ಚಿಂತೆ ಏನೆಂದು ನನಗೆ ಮಾತ್ರ ಗೊತ್ತಿತ್ತು. ಆದರೆ ಬೆಳೆದ ಮಗ ಹೇಳಿಕೊಳ್ಳುವಂಥ ಚಿಂತೆ ಅದಲ್ಲ.

ಅವರು ಬಂದದ್ದು ಅವರೆಕಾಯಿ ಕಾಲದಲ್ಲಿ. ಹೆಸರು ಸೋಲಾಂಜ್. ಅರವತ್ತು ದಾಟಿದ, ಎತ್ತರದ, ಸಣಕಲು ಹೆಂಗಸು. ಕೂದಲು ಗಿಡ್ಡ, ನಗು ದೊಡ್ಡದು. ಬೀದಿಯವರೆಲ್ಲ ಮೊದಲ ದಿನವೇ ಮದಾಮ್ಮ ಎಂದು ಕರೆದುಬಿಟ್ಟರು. ಜಗಲಿಯ ಮುಂದೆ ಹದಿನೈದು ಜನ ಸೇರಿದ್ದರು. ಅಪ್ಪ ನನ್ನ ಬೆನ್ನು ತಟ್ಟಿ ಮುಂದಕ್ಕೆ ನೂಕಿದರು. ನಾನು ಗಂಟಲು ಸರಿಮಾಡಿಕೊಂಡು, ಚಿಕ್ಕಪ್ಪನ ಕೋಟಿನಿಂದ ಹೊರಟು ಐದು ಪೆಟ್ಟಿಗೆಗಳವರೆಗೆ ಒಂದೇ ರಾಗದಲ್ಲಿ ಹೇಳಿ ನಿಲ್ಲಿಸಿದೆ.

ಮದಾಮ್ಮ ಬಿದ್ದು ಬಿದ್ದು ನಕ್ಕರು. ಆಮೇಲೆ ನನ್ನ ಎರಡೂ ಕೈ ಹಿಡಿದು ಏನೇನೋ ಹೇಳಿದರು.

“ನೋಡ್ರಪ್ಪ, ಎಷ್ಟು ಖುಷಿ ಆಗೈತೆ ಅವರಿಗೆ! ಏನಂದ್ರೋ?” ಎಂದರು ಅಪ್ಪ.

“ಹಳೇಬೀಡು ಬಹಳ ಚೆನ್ನಾಗಿದೆ ಅಂದ್ರು,” ಎಂದೆ. ಯಾರೂ ಅನುಮಾನಪಡಲಿಲ್ಲ. ಸುಳ್ಳು ಹೇಳುವುದು ಇಷ್ಟು ಸುಲಭವೇ ಎಂದು ನನಗೇ ಆಶ್ಚರ್ಯವಾಯಿತು.

ಹೊತ್ತು ಮುಳುಗುವ ಮುಂಚೆ ಊಟ ಎಂದು ಅವರಿಗೆ ತಿಳಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಸೂರ್ಯನನ್ನು ತೋರಿಸಿದೆ, ಅವನನ್ನು ಕೈಯಿಂದ ಮುಳುಗಿಸಿದೆ, ಬಾಯಿಯ ಹತ್ತಿರ ಕೈ ಒಯ್ದು ಇಲ್ಲ ಎಂದು ಅಲ್ಲಾಡಿಸಿದೆ. ಮುಳುಗಿದ ಮೇಲೆ ಊಟವಿಲ್ಲ ಎನ್ನುವುದು ಮದಾಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ಮುಳುಗುವ ಮುಂಚೆ ಇದೆ ಎನ್ನುವುದನ್ನು ಹೇಳಲು ಮರೆತೆ. ಹನ್ನೊಂದನೇ ಪಾಠ ನೋಡಿ, ನಾನಿನ್ನೂ ಅಲ್ಲಿಗೆ ಹೋಗಿರಲಿಲ್ಲ.

ಮದಾಮ್ಮ ಬೆಳಿಗ್ಗೆ ಬಸದಿಗೆ ಹೋದರೆ ಮಧ್ಯಾಹ್ನ ಊಟಕ್ಕೆ ಬರುವರು, ಮತ್ತೆ ಹೋದರೆ ಬೆಳಕು ಪೂರ್ತಿ ಹೋಗುವ ತನಕ ಬರುತ್ತಿರಲಿಲ್ಲ. ನಮ್ಮ ಪಾರ್ಶ್ವನಾಥ ಬಸದಿಯ ಕಂಬಗಳನ್ನು ನೀವು ನೋಡಿರಬೇಕು. ಕಡೆದು ಉಜ್ಜಿ ಎಂಥ ನುಣುಪು ತಂದಿದ್ದಾರೆಂದರೆ ನಿಂತವರ ಮುಖ ಅದರಲ್ಲಿ ಕಾಣುತ್ತದೆ. ಸಣ್ಣವನಿದ್ದಾಗ ನಾನು ಅವುಗಳ ಮುಂದೆ ನಿಂತು ನಾಲಗೆ ಚಾಚಿ ಏಟು ತಿಂದವನು. ಆ ಕಂಬಗಳ ಒಂದೊಂದು ಬಳೆಯನ್ನೂ ಮದಾಮ್ಮ ಪೆನ್ಸಿಲ್ಲಿನಲ್ಲಿ ಇಳಿಸುತ್ತಿದ್ದರು. ಸಂಜೆಯ ಓರೆ ಬಿಸಿಲಿಗಾಗಿ ಕಾದು ಕೂರುತ್ತಿದ್ದರು. ಮೊದಲ ಸಂಜೆ ಅವರು ಮನೆಗೆ ಬರುವಷ್ಟರಲ್ಲಿ ನಮ್ಮೆಲ್ಲರ ಊಟ ಮುಗಿದು ಅಡಿಗೆಮನೆಯ ಚಿಲಕ ಬಿದ್ದಿತ್ತು.

ಅತ್ತೆಗೆ ಕಸಿವಿಸಿ. “ಅಜಿತಾ, ಕೇಳೋ ಅವರನ್ನ. ಹೋಟ್ಲಿಂದ ಏನಾರ ತರಿಸ್ಲಾ? ಉಂಡಿಲ್ಲ ಅವರು.”

ನಾನು ಏನೋ ಒಂದು ಕೇಳಿದೆ. ಪೆಟ್ಟಿಗೆಗಳ ಬಗ್ಗೆ ಇರಬೇಕು. ಮದಾಮ್ಮ ಚಿಲಕ ಹಾಕಿದ ಬಾಗಿಲನ್ನೂ ಕತ್ತಲಾದ ಅಂಗಳವನ್ನೂ ನೋಡಿ, ಎದೆಯ ಮೇಲೆ ಕೈಯಿಟ್ಟು, ತಲೆ ಅಲ್ಲಾಡಿಸಿ, ನಗುತ್ತಾ ಉದ್ದಕ್ಕೆ ಏನೋ ಹೇಳಿದರು. ಅದರಲ್ಲಿ ನನಗೆ ಗೊತ್ತಾದದ್ದು ಬೇಡ ಎನ್ನುವುದಷ್ಟೇ.

“ಏನಂತೆ? ಒಪ್ಪತ್ತಂತಾ?” ಎಂದು ಅತ್ತೆ ಕಣ್ಣರಳಿಸಿದರು.

ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಹೊತ್ತು ಉಣ್ಣುವ ವ್ರತ. ಗೊತ್ತಿಲ್ಲ ಅತ್ತೆ ಎನ್ನಬಹುದಿತ್ತು. ಅಪ್ಪ ಪಕ್ಕದಲ್ಲೇ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು.

“ಹೂಂ,” ಎಂದೆ. “ಒಪ್ಪತ್ತಂತೆ.”

ಮಾರನೆಯ ದಿನ ಏನಾಯಿತೆಂದು ಬಿಡಿಸಿ ಹೇಳಲು ನನಗೆ ಈಗಲೂ ನಾಚಿಕೆ. ಒಪ್ಪತ್ತಿನವರಿಗೆ ಬೆಳಿಗ್ಗೆ ತಿಂಡಿ ಕೊಟ್ಟು ವ್ರತಭಂಗ ಮಾಡುವುದು ಉಂಟೇ? ಅತ್ತೆ ಮದಾಮ್ಮನ ಮುಂದಿನಿಂದ ರೊಟ್ಟಿಯ ತಟ್ಟೆಯನ್ನು ಭಕ್ತಿಯಿಂದ ಎತ್ತಿಕೊಂಡು ಹೋಗಿ, ಕೈಮುಗಿದರು. ಮದಾಮ್ಮ ತಟ್ಟೆ ಹೋದ ದಿಕ್ಕನ್ನು ಒಂದು ಕ್ಷಣ ನೋಡಿ, ತಾವೂ ಕೈಮುಗಿದು ಬಸದಿಗೆ ಹೊರಟರು. ರಾತ್ರಿಯ ಊಟ ನಿಯಮದಿಂದ ಹೋಗಿತ್ತು, ಬೆಳಗಿನ ತಿಂಡಿ ನನ್ನಿಂದ ಹೋಯಿತು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಫ್ರಾನ್ಸಿನ ಮದಾಮ್ಮ ಒಪ್ಪತ್ತು ಹಿಡಿದಿದ್ದಾರಂತೆ ಎಂದು ಬಸದಿಗೆ ಬರುವ ಹೆಂಗಸರೆಲ್ಲ ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯ ನಡುಮನೆಯಲ್ಲಿ ಕೂರತೊಡಗಿದರು. ಮಾದಿಹಳ್ಳಿಯಿಂದಲೂ ಇಬ್ಬರು ಬಸ್ಸು ಹತ್ತಿ ಬಂದರು. ಮದಾಮ್ಮ ಉಣ್ಣುವುದನ್ನು ನೋಡುವುದೇ ಅವರಿಗೊಂದು ಪುಣ್ಯ. ಅವರು ಉಣ್ಣುತ್ತಲೂ ಇದ್ದರು ಅನ್ನಿ! ಹಿದುಕಿದ ಅವರೆಬೇಳೆ ಸಾರಿನಲ್ಲಿ ಮೂರು ಸಲ ಅನ್ನ, ಆಮೇಲೆ ಮಜ್ಜಿಗೆಗೆ ಎರಡು ಸಲ, ಗಸಗಸೆ ಪಾಯಸವನ್ನು ಲೋಟ ಎತ್ತಿ ಕೊನೆಯ ಹನಿಯವರೆಗೆ.

“ಒಂದೇ ಹೊತ್ತಲ್ವಾ, ತಿನ್ಲಿ,” ಎಂದು ಹೆಂಗಸರು ಮೆಚ್ಚುಗೆಯಿಂದ ತಲೆದೂಗುತ್ತಿದ್ದರು. “ಮುಖದಾಗೆ ಅದೇನು ಕಳೆ ನೋಡ್ರೇ!”

ಕಳೆಯಲ್ಲ, ಅದು ಹಸಿವು. ನನಗೂ ಆಗ ಅದು ಹೊಳೆದಿರಲಿಲ್ಲವೆಂದು ನೀವು ನಂಬಬೇಕು. ಹೊಳೆದದ್ದು ಆರನೇ ದಿನ, ಬೇಲೂರಿನಲ್ಲಿ.

ಅಪ್ಪ ಯಾವುದೋ ಬಟ್ಟೆ ಗಂಟನ್ನು ಕೊಟ್ಟು ನನ್ನನ್ನು ಬೇಲೂರಿಗೆ ಕಳಿಸಿದ್ದರು. ಗಂಟು ತಲುಪಿಸಿದ ಮೇಲೆ ಬೇಲೂರಿನಲ್ಲಿ ನನ್ನದೊಂದು ಖಾಸಗಿ ಕೆಲಸ ಇರುತ್ತಿತ್ತು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ಈರುಳ್ಳಿ ಆಲೂಗೆಡ್ಡೆ ಪಲ್ಯದ ಮಸಾಲೆ ದೋಸೆ ತಿನ್ನುವುದು. ಆ ದಿನ ಮೂಲೆಯ ಟೇಬಲ್ಲಿನಲ್ಲಿ ಆಗಲೇ ಯಾರೋ ಗೋಡೆಗೆ ಮುಖ ಮಾಡಿ ಕೂತಿದ್ದರು. ಗಿಡ್ಡ ಕೂದಲು. ಮುಂದೆ ಒಂದು ಖಾಲಿ ತಟ್ಟೆ, ಅದರ ಪಕ್ಕ ಅರ್ಧ ಖಾಲಿಯಾದ ಇನ್ನೊಂದು ತಟ್ಟೆ. ಚೆನ್ನಕೇಶವನ ಗುಡಿಯ ಕಂಬ ನೋಡಲು ಹೋಗುತ್ತೇನೆಂದು ಬೆಳಿಗ್ಗೆ ಹೊರಟಿದ್ದ ನಮ್ಮ ಮನೆಯ ತಪಸ್ವಿನಿ!

ಮದಾಮ್ಮ ತಿರುಗಿ ನನ್ನನ್ನು ನೋಡಿದರು. ಬಾಯಿಯ ತುಂಬ ದೋಸೆ. ಮುಖ ಕೆಂಪಗಾಯಿತು. ಮೆಲ್ಲಗೆ ತುಟಿಯ ಮೇಲೆ ಬೆರಳಿಟ್ಟು, ಹಳೇಬೀಡಿನ ದಿಕ್ಕಿಗೆ ಕೈ ತೋರಿಸಿ, ಅತ್ತೆ ಸೆರಗು ಹೊದೆಯುವ ಹಾಗೆ ಅಭಿನಯಿಸಿ, ದಯವಿಟ್ಟು ಹೇಳಬೇಡ ಎಂದು ಕಣ್ಣಲ್ಲೇ ಬೇಡಿಕೊಂಡರು. ನಾನೂ ತುಟಿಯ ಮೇಲೆ ಬೆರಳಿಟ್ಟೆ. ಅವರು ನನಗೂ ಒಂದು ದೋಸೆ ಹೇಳಿದರು. ಇಬ್ಬರೂ ಗೋಡೆಗೆ ಮುಖ ಮಾಡಿಕೊಂಡು ಕಳ್ಳರ ಹಾಗೆ ತಿಂದೆವು.

ಮನಸ್ಸು ಹಗುರಾಯಿತು. ಸರಿ, ಅವರಿಗೆ ಬೇಲೂರಿದೆ, ಬಿಸ್ಕತ್ತಿದೆ, ಹೇಗೋ ಎರಡು ವಾರ ದೂಡುತ್ತಾರೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಸೀಟಿ ಹೊಡೆಯುತ್ತಾ ಬಸ್ಸಿಳಿದೆ. ಮನೆಗೆ ಬಂದರೆ ಅತ್ತೆ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು.

“ನಂಗೆ ಇವತ್ತು ಸಂಜೆ ತಟ್ಟೆ ಹಾಕ್ಬೇಡ ಕಣೋ,” ಎಂದರು. “ನಾನೂ ಒಪ್ಪತ್ತು ಹಿಡಿದೀನಿ.”

“ಏನತ್ತೆ ಇದು! ನಿಮಗೆ ಸಕ್ಕರೆ ಕಾಯಿಲೆ!”

“ಸಮುದ್ರ ದಾಟಿ ಬಂದೋರು ಮಾಡ್ತಾರೆ. ಬಸದಿ ಪಕ್ಕದಾಗೆ ಹುಟ್ಟಿ ಬೆಳೆದೋಳು ನಾನು, ಮೂರು ಹೊತ್ತೂ ಮುಕ್ತಾ ಇದ್ರೆ ನಾಚಿಕೆ ಆಗಲ್ವೇನೋ? ಸ್ವಾಮಿ ಮುಂದೆ ಹೇಳ್ಕೊಂಡು ಬಂದೀನಿ. ಮದಾಮ್ಮ ಈ ಮನೇಲಿ ಇರೋಗಂಟ ಅವರು ಹೆಂಗೋ ನಾನೂ ಹಂಗೇ. ಅವರು ಎರಡನೇ ಹೊತ್ತು ಉಂಡ ದಿನ ನಾನೂ ಉಣ್ತೀನಿ.”

ನಾನು ಅಂಗಡಿಗೆ ಓಡಿ ಅಪ್ಪನಿಗೆ ಸುದ್ದಿ ಮುಟ್ಟಿಸಿದೆ.

ಅಪ್ಪ ಹೇಳಿ ನೋಡಿದರು, ಬೈದು ನೋಡಿದರು. ಸ್ವಾಮಿಯ ಮುಂದೆ ಆಡಿದ ಮಾತು, ತೆಗೆಯುವಂತಿಲ್ಲ. ಮಾತ್ರೆಯನ್ನು ಮಾತ್ರ ಬಿಡಲಿಲ್ಲ, ಔಷಧಕ್ಕೆ ದೋಷವಿಲ್ಲವಂತೆ. ಮಾತ್ರೆ ನುಂಗುವುದು, ತಿಂಡಿ ಬಿಡುವುದು. ಇದರಿಂದ ಏನಾಗುತ್ತದೆಂದು ಮೂರನೇ ದಿನ ಬೆಳಿಗ್ಗೆ ಗೊತ್ತಾಯಿತು. ಬಾವಿಯ ಹತ್ತಿರ ಕೊಡ ಉರುಳಿದ ಸದ್ದು ಕೇಳಿ ಓಡಿದೆ. ಅತ್ತೆ ಕಟ್ಟೆಗೆ ಒರಗಿ ಕೂತಿದ್ದರು. ಚಳಿಗಾಲದ ಬೆಳಿಗ್ಗೆ, ಹಣೆಯಿಂದ ಬೆವರು ಧಾರಾಕಾರ. ಕೈ ಗಡಗಡ ನಡುಗುತ್ತಿತ್ತು. ನಾನು ಒಳಗೋಡಿ ಒಂದು ಹೆಂಟೆ ಬೆಲ್ಲ ತಂದು ಬಾಯಿಗಿಟ್ಟರೆ ಹಲ್ಲು ಕಚ್ಚಿಕೊಂಡರು.

“ಬ್ಯಾಡ ಕಣೋ. ಹೊತ್ತಾಗಿಲ್ಲ.”

“ಅತ್ತೆ, ಮದಾಮ್ಮ ಒಪ್ಪತ್ತು ಮಾಡ್ತಿಲ್ಲ ಅಂತಂದ್ರೆ?”

“ಹಂಗೆಲ್ಲ ಅನ್ಬಾರ್ದು, ವ್ರತಸ್ಥರನ್ನ ಆಡ್ಕೊಂಡ್ರೆ ಪಾಪ ಬತ್ತದೆ,” ಎಂದು ನಡುಗುವ ಕೈಯಲ್ಲೇ ನನ್ನ ಕೆನ್ನೆ ತಟ್ಟಿದರು. “ನೀನೇ ಅಲ್ವೇನೋ ನಂಗೆ ತಿಳಿಸಿ ಹೇಳಿದ್ದು.”

ನಾನು ಸುಳ್ಳು ಹೇಳಿದೆ ಅತ್ತೆ ಎಂಬ ಒಂದೇ ಒಂದು ಕನ್ನಡ ವಾಕ್ಯ ಸಾಕಿತ್ತು. ಆ ವಾಕ್ಯವನ್ನು ನಾನು ಹೇಳಲಿಲ್ಲ. ಎಂಥ ಹೇಡಿ ನೋಡಿ ನಾನು, ಅದರ ಬದಲು ಮದಾಮ್ಮನನ್ನು ಸಂಜೆ ಊಟಕ್ಕೆ ಕೂರಿಸಿಬಿಟ್ಟರೆ ಅತ್ತೆಯ ಮಾತಿನಂತೆಯೇ ವ್ರತ ಮುಗಿಯುತ್ತದೆಂದು ಲೆಕ್ಕ ಹಾಕಿದೆ. ಪಕ್ಕದ ಮನೆಯವರನ್ನು ಕರೆದು ಅತ್ತೆಯ ಬಳಿ ಕೂರಿಸಿ, ಬಸದಿಗೆ ಓಡಿದೆ. ಮದಾಮ್ಮನ ಮುಂದೆ ನಿಂತು ಸೂರ್ಯ, ಬಾಯಿ, ಊಟ ಎಂದು ಕೈ ಆಡಿಸಿದೆ. ಅವರು ಸುತ್ತ ನೋಡಿ, ತುಟಿಯ ಮೇಲೆ ಬೆರಳಿಟ್ಟು, ಕಣ್ಣು ಮಿಟುಕಿಸಿದರು. ಮತ್ತೆ ಬೇಲೂರಿಗೆ ದೋಸೆಗೆ ಕರೆಯುತ್ತಿದ್ದೇನೆಂದು ತಿಳಿದಿದ್ದರು!

ಜಾವಗಲ್ ಮೇಲೆ ಹೋಗುವ ಅರಸೀಕೆರೆ ಬಸ್ಸು ಹೊರಡುತ್ತಿತ್ತು. ಓಡುತ್ತಲೇ ಹತ್ತಿದೆ.

ಗಾರ್ಡ್ ಅಜ್ಜ ನೀರಿನ ಟ್ಯಾಂಕಿನ ಹಿಂದಿನ ಮನೆಯಲ್ಲಿ ಬನಿಯನ್ನು ಹಾಕಿಕೊಂಡು ಪೇಪರ್ ಓದುತ್ತಿದ್ದರು. ನನ್ನ ಗುರುತು ಹಿಡಿದರು. “ಕೋಟು ಹೊಲಿಸಿದ್ಯಾ?”

ನಾನು ಅಳುವುದೊಂದು ಬಾಕಿ. “ಅಜ್ಜಾ, ದಯವಿಟ್ಟು ಸಂಜೆ ಊಟಕ್ಕೆ ಬನ್ನಿ ಅನ್ನೋದಕ್ಕೆ ಫ್ರೆಂಚಲ್ಲಿ ಏನಂತಾರೆ?”

“ಯಾಕೆ?”

“ಸುಮ್ನೆ.”

“ಸುಮ್ನೆ ಊಟಕ್ಕೆ ಕರೆಯೋಕೆ ಯಾರೂ ಜಾವಗಲ್ ರೋಡಲ್ಲಿ ಬರಲ್ಲ. ಕೂತ್ಕೋ. ಮೊದ್ಲು ಕನ್ನಡದಲ್ಲಿ ನಿಜ ಹೇಳು.”

ಹೇಳಿದೆ. ತುಪ್ಪದಿಂದ ಹಿಡಿದು ಬೆಲ್ಲದವರೆಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಕೇಳಿದರು: “ನಿನ್ನ ಅತ್ತೆ ವ್ರತ ಅಂತ ಉಪವಾಸ, ಆ ಹೆಂಗಸು ಊಟ ಸಿಗ್ದೆ ಉಪವಾಸ. ಇಬ್ರೂ ನಿನ್ನ ಮಾತು ನಂಬಿದಾರೆ. ಅಲ್ವಾ?”

“ಹೌದು.”

“ಹಂಗಾದ್ರೆ ಊಟಕ್ಕೆ ಬನ್ನಿ ಅನ್ನೋದು ಕೊನೇ ವಾಕ್ಯ. ಅದಕ್ಕಿಂತ ಮುಂಚೆ ಐದು ಅವೆ.”

ಒಂದೊಂದಾಗಿ ಹೇಳಿಕೊಟ್ಟರು. ನನಗೆ ಫ್ರೆಂಚ್ ಬರುವುದಿಲ್ಲ. ನಾನು ಸುಳ್ಳು ಹೇಳಿದೆ. ನೀವು ವ್ರತ ಮಾಡುತ್ತಿದ್ದೀರೆಂದು ನನ್ನ ಅತ್ತೆ ನಂಬಿದ್ದಾರೆ. ನಿಮ್ಮನ್ನು ನೋಡಿ ಅವರೂ ಊಟ ಬಿಟ್ಟಿದ್ದಾರೆ. ಅವರಿಗೆ ಕಾಯಿಲೆ ಇದೆ. ಇವತ್ತು ಸೂರ್ಯ ಮುಳುಗುವ ಮುಂಚೆ ದಯವಿಟ್ಟು ನಮ್ಮ ಜೊತೆ ಊಟ ಮಾಡಿ. ಮೊದಲ ವಾಕ್ಯವನ್ನು ಹತ್ತು ಸಲ ಹೇಳಿಸಿದರು. “ಇದನ್ನ ಅಂಜದೆ ಹೇಳೋನಿಗೆ ಮಿಕ್ಕಿದ್ದು ಬೇಗ ಬರುತ್ತೆ,” ಎಂದರು. ಕಾಫಿ ಕೊಟ್ಟು ಬಸ್ಸು ಹತ್ತಿಸಿದರು.

ಬೇಗ ಫ್ರೆಂಚ್ ಕಲಿಯುವುದು ಹೇಗೆಂದು ಈಗಿನವರು ಕೇಳುತ್ತಾರೆ. ದಿನಕ್ಕೆ ಹತ್ತು ಪದ ಕಲಿಯಿರಿ, ಹಾಡು ಕೇಳಿ, ಕನ್ನಡಿಯ ಮುಂದೆ ಮಾತಾಡಿ ಎಂದೆಲ್ಲ ಹೇಳುವವರಿದ್ದಾರೆ. ನಾನು ಏಳು ಪಾಠವನ್ನು ಏಳು ತಿಂಗಳು ಉಜ್ಜಿದವನು, ಆರು ವಾಕ್ಯವನ್ನು ಅರಸೀಕೆರೆಯಿಂದ ಜಾವಗಲ್ ಬರುವಷ್ಟರಲ್ಲಿ ಕಲಿತೆ. ಮಗ್ಗಿಯ ರಾಗ ಬಿಟ್ಟರೆ ನನಗೆ ಬೇರೆ ಗತಿಯಿರಲಿಲ್ಲ. ಕಿಟಕಿಯ ಪಕ್ಕ ತೂಗುತ್ತಾ ಹೇಳಿಕೊಂಡೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ತನ್ನ ಮಗುವನ್ನು ಆಚೆ ಬದಿಗೆ ಕೂರಿಸಿಕೊಂಡಳು. ಜಾವಗಲ್ಲಿನಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಡ್ರೈವರು ಟೀ ಕುಡಿಯಲು ಹೋಗಿದ್ದ. ನಾನು ಸೂರ್ಯನನ್ನೇ ನೋಡುತ್ತಾ ಕೂತೆ. ಅಷ್ಟು ಗಮನವಿಟ್ಟು ಜೀವಮಾನದಲ್ಲಿ ನಾನು ಏನನ್ನೂ ನೋಡಿಲ್ಲ.

ಹಳೇಬೀಡಿಗೆ ಇಳಿದಾಗ ಐದು ದಾಟಿತ್ತು. ಬಸದಿಯವರೆಗೂ ಓಡಿದೆ. ಮದಾಮ್ಮ ಕಂಬದ ಮುಂದೆ ಕೂತಿದ್ದರು, ಓರೆ ಬಿಸಿಲು ಆಗಷ್ಟೇ ಕಂಬಕ್ಕೆ ಬಿದ್ದಿತ್ತು. ಅವರು ಇಡೀ ದಿನ ಕಾಯುತ್ತಿದ್ದದ್ದು ಅದಕ್ಕೇ. ನಾನು ಅವರ ಎದುರಿಗೆ ನಿಂತು, ಕೈಕಟ್ಟಿ, ಮುಂದಕ್ಕೂ ಹಿಂದಕ್ಕೂ ತೂಗುತ್ತಾ ಆರೂ ವಾಕ್ಯಗಳನ್ನು ಒಪ್ಪಿಸಿದೆ.

ಮೊದಲ ವಾಕ್ಯಕ್ಕೆ ಅವರು ನಕ್ಕರು. ಎರಡಕ್ಕೆ ನಗು ಅರ್ಧಕ್ಕೆ ನಿಂತಿತು. ನಾಲ್ಕನೆಯದಕ್ಕೆ ಪೆನ್ಸಿಲ್ಲು ಕೆಳಗಿಟ್ಟರು. ಮುಗಿದ ಮೇಲೆ ಏನೋ ಕೇಳಿದರು. ನನಗೆ ತಿಳಿಯಲಿಲ್ಲ. ತಿಳಿಯದ್ದಕ್ಕೆ ಮತ್ತೆ ಮೊದಲಿನಿಂದ ಹೇಳಲು ಶುರುಮಾಡಿದೆ: ನನಗೆ ಫ್ರೆಂಚ್ ಬರುವುದಿಲ್ಲ. ಅವರು ನನ್ನ ಭುಜ ಹಿಡಿದು ನಿಲ್ಲಿಸಿದರು. ಬೈಯಲಿಲ್ಲ. ಹಾಳೆ, ಪೆನ್ಸಿಲ್ಲು, ಮಡಿಸುವ ಕುರ್ಚಿ ಎಲ್ಲವನ್ನೂ ಅಲ್ಲೇ ಬಿಟ್ಟು, ಬಿಸಿಲು ಬಿದ್ದ ಕಂಬದ ಕಡೆ ತಿರುಗಿಯೂ ನೋಡದೆ ಮನೆಯ ಕಡೆಗೆ ದಾಪುಗಾಲು ಹಾಕಿದರು. ನಾನು ಅವರ ಹಿಂದೆ ಓಡಬೇಕಾಯಿತು.

ಮನೆಯಲ್ಲಿ ಅಪ್ಪ ಊಟಕ್ಕೆ ಕೂರುತ್ತಿದ್ದರು. ಅತ್ತೆ ಬಡಿಸಲು ಅನ್ನದ ಪಾತ್ರೆ ಹಿಡಿದು ನಿಂತಿದ್ದರು, ಮಧ್ಯಾಹ್ನದ ಊಟದಿಂದ ಸುಧಾರಿಸಿಕೊಂಡಿದ್ದರೂ ಮುಖ ಬಿಳಿಚಿಕೊಂಡಿತ್ತು. ಬೆಳಗಿನಿಂದ ಜೊತೆಗಿದ್ದ ಪಕ್ಕದ ಮನೆಯಾಕೆ ಬಾಗಿಲಲ್ಲಿದ್ದರು. ಮದಾಮ್ಮ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಸೀದಾ ಬಂದು ಅ‍ಪ್ಪನ ಪಕ್ಕದ ಮಣೆಯ ಮೇಲೆ ಕೂತು, ತಮ್ಮ ಮುಂದೆ ತಾವೇ ಒಂದು ತಟ್ಟೆ ಎಳೆದುಕೊಂಡರು. ಇನ್ನೊಂದು ತಟ್ಟೆಯನ್ನು ಪಕ್ಕಕ್ಕಿಟ್ಟು ನೆಲವನ್ನು ತಟ್ಟಿ ಅತ್ತೆಯನ್ನು ನೋಡಿದರು.

“ಕೂತ್ಕೋ,” ಎಂದರು. ಕನ್ನಡದಲ್ಲಿ! ಒಂಬತ್ತು ದಿನದಿಂದ ಮಧ್ಯಾಹ್ನ ಬಡಿಸುವಾಗಲೆಲ್ಲ ಅತ್ತೆ ಹೇಳುತ್ತಿದ್ದ ಮಾತು ಅದು. “ಅನ್ನ. ಸಾರು. ಹಾಕು.”

ಅತ್ತೆ ಬೆಪ್ಪಾಗಿ ನಿಂತರು. ಮದಾಮ್ಮ ಅವರ ಕೈಯಿಂದ ಪಾತ್ರೆ ತೆಗೆದುಕೊಂಡು, ಅತ್ತೆಯ ತಟ್ಟೆಗೆ ಮೊದಲು, ಆಮೇಲೆ ತಮ್ಮ ತಟ್ಟೆಗೆ ಬಡಿಸಿದರು. ಒಂದು ತುತ್ತು ತಾವು ಉಂಡು ತೋರಿಸಿದರು. ಅತ್ತೆ ಮೆಲ್ಲಗೆ ಕೂತು, ಸ್ವಾಮಿಯನ್ನು ನೆನೆದು, ಒಂದು ತುತ್ತು ಬಾಯಿಗಿಟ್ಟುಕೊಂಡರು. 

ಆಮೇಲೆ ಮದಾಮ್ಮ ಎಡಗೈಯಲ್ಲಿ ಅತ್ತೆಯ ಕೈ ಹಿಡಿದುಕೊಂಡು ತಮ್ಮ ಭಾಷೆಯಲ್ಲಿ ಮಾತಾಡಲು ಶುರುಮಾಡಿದರು. ನಿಧಾನವಾಗಿ, ಬಹಳ ಹೊತ್ತು ಮಾತಾಡಿದರು. ನಡುವೆ ಅವರ ಕಣ್ಣು ತುಂಬಿ ಬಂತು. ಅತ್ತೆ ತುತ್ತು ಕೈಯಲ್ಲೇ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದರು. 

“ಏನಂದ್ರೋ, ಅಜಿತಾ?” ಎಂದರು ಅಪ್ಪ.

ಎಲ್ಲರೂ ನನ್ನ ಕಡೆ ತಿರುಗಿದರು. ನಿಮ್ಮ ಕೈರುಚಿ ಬಹಳ ಚೆನ್ನಾಗಿದೆ ಅಂದರು ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನಾಲಗೆಯ ತುದಿಯವರೆಗೆ ಬಂದೂ ಇತ್ತು.

“ಗೊತ್ತಾಗ್ಲಿಲ್ಲ,” ಎಂದೆ. “ನಂಗೆ ಫ್ರೆಂಚ್ ಬರಲ್ಲ ಅಪ್ಪ.” ಆಮೇಲೆ ಅತ್ತೆಯ ಕಡೆ ತಿರುಗಿದೆ. “ಒಪ್ಪತ್ತು ಅಂದ ದಿನಾನೂ ಗೊತ್ತಾಗಿರ್ಲಿಲ್ಲ ಅತ್ತೆ. ನಾನೇ ಕಟ್ಟಿ ಹೇಳಿದ್ದು. ಅವರು ಅವತ್ತಿಂದ ಹಸ್ಕೊಂಡಿದಾರೆ.”

ಅಪ್ಪ ತಟ್ಟೆ ನೋಡುತ್ತಾ ಕೂತರು. ಅತ್ತೆಯ ಕೈ ಮದಾಮ್ಮನ ಕೈಯಲ್ಲೇ ಇತ್ತು. ಅತ್ತೆ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಆ ಸಣಕಲು ಹೆಂಗಸನ್ನು ನೋಡಿದರು. ಕಿಟಕಿಯಾಚೆ ಬಿಸಿಲು ಕೆಂಪಾಗಿತ್ತು. ಆಮೇಲೆ ಬಲಗೈಯಲ್ಲಿ ಹಿಡಿದಿದ್ದ ತುತ್ತನ್ನು ಮದಾಮ್ಮನ ಬಾಯಿಗಿಟ್ಟರು.

“ಅವರಂದಿದ್ದು ನಂಗೆ ತಿಳೀತು ಬಿಡು,” ಎಂದರು ನನ್ನ ಕಡೆ ನೋಡದೆ. “ನೀನೂ ಬೆಳಗಿಂದ ಏನೂ ತಿಂದಿಲ್ಲ. ತಟ್ಟೆ ತಗೊಂಡು ಬಾ, ಹೊತ್ತು ಮುಳುಗ್ತಾ ಐತೆ.”